ಕಬ್ಬಿಣದ ದಿಂಬು

"ಏ ಕತ್ತೆ, ಮೆಲ್ಲಗೆ ತೆಗಿಯೋ! ಅದೇನು ನಿಮ್ಮಪ್ಪನ ಮೂಳೆ ಅಂದ್ಕೊಂಡ್ಯಾ?"

ಟ್ರೆಂಚಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮೇಸ್ತ್ರಿ ಕೂಗಿದ ರಭಸಕ್ಕೆ ಅವನ ಬಾಯಲ್ಲಿದ್ದ ಸಿಗರೇಟು ಜಾರಿ ಕೆಳಗೆ ಬಿತ್ತು. ಎದೆಮಟ್ಟದ ಟ್ರೆಂಚಿನಲ್ಲಿ ನಿಂತಿದ್ದ ಮೊಂಡ ಎತ್ತಿದ ಗುದ್ದಲಿಯನ್ನು ಗಾಳಿಯಲ್ಲೇ ತಡೆದ. ಬಗ್ಗಿ ಸಿಗರೇಟು ಎತ್ತಿಕೊಂಡ. ಒಂದು ದಮ್ಮು ಎಳೆದು, ಅಂಟಿದ ಮಣ್ಣು ಒರೆಸಿ, ಮೇಲಕ್ಕೆ ಚಾಚಿದ.

"ನಮ್ಮಪ್ಪ ಇನ್ನೂ ಪೂರ್ತಿ ಮೂಳೆ ಆಗಿಲ್ಲ ಮೇಸ್ತ್ರಿ. ಮೇಲೆ ಚೂರು ಚರ್ಮ ಉಳ್ಕೊಂಡಿದೆ."

"ಬಾಯಿ ನೋಡು ಬೋಳಿಮಗಂದು. ಕೂಗೋ ಮೊದ್ಲು!"

ಮೊಂಡ ಕೈ ಎತ್ತಿ ಕೂಗಿದ: "ನಿಲ್ಲೀ! ಮನುಷ್ಯನ ಮೂಳೆ!"

ಹಾಗೆ ಕೂಗಬೇಕೆಂದು ಕಟ್ಟಳೆ. ಚರ್ಚು ಹಳೆಯದು, ಎಷ್ಟು ಹಳೆಯದೆಂದರೆ ಅದರ ಗೋಡೆಗೆ ಬೆನ್ನು ಕೊಟ್ಟು ನಿಂತರೂ ಯಾರಾದರೊಬ್ಬರು ಓಡಿಬಂದು ಗದರಿಸುತ್ತಾರೆ. ಅದನ್ನು ನೋಡಲು ಬರುವ ದೊಡ್ಡ ಮನುಷ್ಯರಿಗೆ ಒಂದಕ್ಕೆ ಎರಡಕ್ಕೆ ಹೋಗಲು ಜಾಗವಿಲ್ಲವೆಂದು ಹಿಂಭಾಗದಲ್ಲಿ, ಕಾಂಪೌಂಡಿನ ಒಳಗೇ, ಶೌಚಾಲಯ ಕಟ್ಟಿಸುತ್ತಿದ್ದರು. ಅದರ ಪೈಪಿಗಾಗಿ ಈ ಟ್ರೆಂಚು. ಇಂಥ ಹಳೆಯ ಜಾಗದಲ್ಲಿ ನೆಲ ಅಗೆಯಬೇಕಾದರೆ ಪುರಾತತ್ವ ಓದಿದವರೊಬ್ಬರು ಪಕ್ಕದಲ್ಲಿ ಕೂತು ನೋಡುತ್ತಿರಬೇಕಂತೆ. ಅಗೆಯುವುದು ಅವರ ಕೆಲಸವಲ್ಲ, ನೋಡುವುದು. ಅದಕ್ಕೆಂದೇ ಒಬ್ಬ ಹೆಂಗಸು ಬಂದಿದ್ದಳು. ಮಡಚುವ ಕುರ್ಚಿ, ಅಗಲವಾದ ಕೊಡೆ, ಕೊರಳಲ್ಲಿ ಕ್ಯಾಮೆರಾ. ಬೆಳಿಗ್ಗೆ ಬಂದು ಕೂತರೆ ಸಂಜೆಯವರೆಗೆ ನೋಡುತ್ತಿದ್ದಳು. ಅಗೆಯುವವರೆಲ್ಲ ಸೇರಿ ಅವಳಿಗೆ ನೋಡಮ್ಮ ಎಂದು ಹೆಸರಿಟ್ಟಿದ್ದರು.

ಮೊದಲ ದಿನವೇ ನೋಡಮ್ಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ್ದಳು. "ಮನುಷ್ಯನ ಮೂಳೆ ಅಂತ ಅನುಮಾನ ಬಂದ್ರೂ ಸಾಕು, ಕೈ ಎತ್ತಿ ಕೂಗ್ಬೇಕು. ಕೂಗಿದ ಮೇಲೆ ಕೆಲಸ ನಿಲ್ಬೇಕು. ಆಮೇಲೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ಜರುಗಿಸೋ ಹಾಗಿಲ್ಲ. ಮೇಸ್ತ್ರಿ ಆಗ್ಲಿ, ಫಾದರ್ ಆಗ್ಲಿ, ಟ್ರಸ್ಟಿನ ಅಧ್ಯಕ್ಷರೇ ಆಗ್ಲಿ. ಮೇಲಿಂದ ಅನುಮತಿ ಬರೋವರೆಗೂ ಸತ್ತವರದೇ ರಾಜ್ಯ. ಗೊತ್ತಾಯ್ತಾ?"

"ಬದುಕಿರೋರ ಬಗ್ಗೆ ಇಂಥದ್ದೇನಾದ್ರೂ ಕಾನೂನಿದ್ಯಾ ಅಮ್ಮಾ?" ಎಂದು ಕುಳ್ಳ ಕೇಳಿದ್ದ. ಕುಳ್ಳ ಮೊಂಡನ ಜೊತೆ ಅಗೆಯುವವನು. ಆಳಿಗಿಂತ ಅವನ ನಾಲಗೆ ಉದ್ದ.

ಮೂಳೆ ಸಿಕ್ಕಿತೆಂದ ಕೂಡಲೆ ಅದರ ಉಪಚಾರ ಶುರುವಾಯಿತು. ಬಿಸಿಲಿಗೆ ಬಿರುಕು ಬಿಡಬಾರದೆಂದು ನಾಲ್ಕು ಕೋಲು ನೆಟ್ಟು ಮೇಲೆ ಹಸಿರು ಬಲೆಯ ನೆರಳು ಕಟ್ಟಿಸಿದರು. ಕಟ್ಟಿದವರು ಮೊಂಡ ಮತ್ತು ಕುಳ್ಳ, ಬಿಸಿಲಲ್ಲಿ ನಿಂತು. ಸುತ್ತ ಕೆಂಪು ಬಿಳಿ ಟೇಪು ಎಳೆದರು. ಒಣಗಬಾರದೆಂದು ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿದರು, ಆಳುಗಳು ಕುಡಿಯಲೆಂದು ತಂದಿಟ್ಟ ಕ್ಯಾನಿನ ನೀರನ್ನೇ. ಮಣ್ಣು ಹೊರುತ್ತಿದ್ದ ಮೊಂಡನ ಹೆಂಡತಿ ಬುಟ್ಟಿ ಕೆಳಗಿಳಿಸಿ, ಸೊಂಟದ ಮೇಲೆ ಕೈಯಿಟ್ಟು ಇದನ್ನೆಲ್ಲ ನೋಡಿದಳು.

"ಮೇಸ್ತ್ರಿ, ನಮ್ಗೂ ಚೂರು ಚಿಮುಕ್ಸಿ. ನಾವೂ ಬಿರುಕು ಬಿಡ್ತಾ ಇದೀವಿ."

"ನೀನು ಸಾಯಿ ಮೊದ್ಲು. ಆಮೇಲೆ ಇನ್ನೂರು ಮುನ್ನೂರು ವರ್ಷ ಬಿಟ್ಟು ಬಾ, ನೋಡೋಣ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು, ಬುಟ್ಟಿಯ ಮಣ್ಣನ್ನು ಕೈ ತಪ್ಪಿತೆಂಬಂತೆ ಮೇಸ್ತ್ರಿಯ ಚಪ್ಪಲಿಯ ಮೇಲೆ ಸುರಿದು ಹೋದಳು.

*

ಮೊಂಡನ ತಲೆ ಕೊರೆಯುತ್ತಿದ್ದ ಚಿಂತೆ ಬೇರೆ. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ. ಮಣ್ಣಿನ ಧೂಳು ಎದೆಯಲ್ಲಿ ಕೂತು ಕೆಮ್ಮಾಗಿತ್ತು. ಕೆಮ್ಮು ಅವನನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಅಗೆಯುತ್ತಿತ್ತು.

ಇದೇ ಚರ್ಚಿಗೆ ಗುಂಡಿ ತೋಡಿ ಸೊಂಟ ಮುರಿದುಕೊಂಡವನು ಅಪ್ಪ. ಕಾಂಪೌಂಡಿನ ಒಳಗೆ ಕೆತ್ತನೆಯ ಕಲ್ಲಿನಡಿ ಹಾಯಾಗಿ ಮಲಗಿರುವ ದೊಡ್ಡ ಮನೆತನದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಹಾಸಿಗೆ ಹಾಸಿಕೊಟ್ಟವನು. ಆದರೆ ಗುಂಡಿ ತೋಡುವ ಕೇರಿಯವರು ಗೋಡೆಯ ಒಳಗೆ ಮಲಗುವ ಹಾಗಿರಲಿಲ್ಲ. ಹುಟ್ಟಿದಾಗ ತಲೆಗೆ ಹಾಕುವ ನೀರು ಎಲ್ಲರಿಗೂ ಒಂದೇ. ಸತ್ತಾಗ ಎದೆಗೆ ಹಾಕುವ ಮಣ್ಣು ಮಾತ್ರ ಬೇರೆ. ಪ್ರಾರ್ಥನೆಗೆ ಬಂದರೆ ಬಾಗಿಲಾಚೆ ಮೆಟ್ಟಿಲ ಮೇಲೆ, ಸತ್ತರೆ ಗೋಡೆಯಾಚೆ ಚರಂಡಿಯ ಪಕ್ಕದ ಇಳಿಜಾರಿನಲ್ಲಿ. ಈಗ ಅದೂ ಹೋಗಿತ್ತು. ಇಳಿಜಾರನ್ನು ಮಟ್ಟ ಮಾಡಿ, ಜಲ್ಲಿ ಹಾಸಿ, ಬಂದವರ ಕಾರು ನಿಲ್ಲಿಸುವ ಜಾಗ ಮಾಡಿದ್ದರು. ಅದನ್ನು ಮಟ್ಟ ಮಾಡುವಾಗ ಯಾವ ನೋಡಮ್ಮನೂ ಬಂದು ಕೂತಿರಲಿಲ್ಲ. ಮೊಂಡನ ಅಮ್ಮ ಈಗ ಯಾರದೋ ಬಿಳಿ ಕಾರಿನ ಹಿಂದಿನ ಚಕ್ರದಡಿ ಇದ್ದಳು.

"ಕಾರಿನ ಕೆಳಗೆ ನನ್ನ ಹಾಕ್ಬೇಡ ಮಗಾ," ಎನ್ನುತ್ತಿದ್ದ ಅಪ್ಪ, ಕೆಮ್ಮಿಗೂ ಕೆಮ್ಮಿಗೂ ನಡುವೆ. "ಮುಖದ ಮೇಲೆ ಎಣ್ಣೆ ತೊಟ್ಟಿಕ್ಕುತ್ತೆ."

ಅದಕ್ಕೇ, ಕೆಲಸ ಶುರುವಾದ ವಾರವೇ, ಮೊಂಡ ಪಾದ್ರಿಯ ಕೋಣೆಯ ಬಾಗಿಲಿಗೆ ಹೋಗಿದ್ದ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತ. ಪಾದ್ರಿ ಮೇಜಿನ ತುಂಬ ಟೈಲ್ಸು ಹರಡಿಕೊಂಡು ಕೂತಿದ್ದರು.

"ಯಾರದು? ಒಳಗೆ ಬರಬೇಡ, ಕಾಲೆಲ್ಲ ಮಣ್ಣು. ಅಲ್ಲಿಂದ್ಲೇ ಹೇಳು. ಹಾಂ, ಅದಕ್ಕೂ ಮುಂಚೆ ಇದನ್ನ ಹೇಳು. ಯಾವುದು ಚೆನ್ನಾಗಿದೆ? ತಿಳಿ ನೀಲಿನೋ, ಕೆನೆ ಬಣ್ಣನೋ?"

"ಯಾವುದಕ್ಕೆ ಫಾದರ್?"

"ಶೌಚಾಲಯದ ಗೋಡೆಗೆ."

"ಕೆನೆ ಬಣ್ಣ ಆದ್ರೆ ಕಲೆ ಬೇಗ ಕಾಣುತ್ತೆ ಫಾದರ್."

"ಅದೂ ಸರಿ." ಪಾದ್ರಿ ನೀಲಿಯ ಬಿಲ್ಲೆಯನ್ನು ಬೆಳಕಿಗೆ ಹಿಡಿದರು. "ಏನು ಬಂದೆ?"

"ಅಪ್ಪ ಇವತ್ತೋ ನಾಳೆನೋ ಅನ್ನೋ ಹಾಗಿದಾನೆ. ಗೋಡೆ ಒಳಗೆ ಒಂದು ಆರಡಿ ಜಾಗ ಕೊಟ್ರೆ..."

ಪಾದ್ರಿ ಟೈಲ್ಸು ಕೆಳಗಿಟ್ಟು ಮುಖಕ್ಕೆ ದುಃಖ ತಂದುಕೊಂಡರು. ದುಃಖ ಅವರಿಗೆ ಸಾಕಿದ ನಾಯಿಯಂತೆ, ಕರೆದ ಕೂಡಲೆ ಬರುತ್ತಿತ್ತು. "ಜಾಗ ಎಲ್ಲಿದೆಯಪ್ಪಾ? ನೀನೇ ನೋಡ್ತಿದೀಯಲ್ಲ. ಶೌಚಾಲಯಕ್ಕೇ ಜಾಗ ಸಾಲ್ದೆ ಒಂದು ಬೇಸಿನ್ನು ಕಮ್ಮಿ ಮಾಡಿದೀವಿ."

"ಒಂದು ಮೂಲೆ ಆದ್ರೂ ಸಾಕು ಫಾದರ್. ಅವನೇ ತೋಡಿದ ಗುಂಡಿಗಳ ಮಧ್ಯೆ ಎಲ್ಲಾದ್ರೂ. ಮಗ್ಗುಲಾಗಿ ಮಲಗಿಸ್ತೀನಿ, ಜಾಸ್ತಿ ಜಾಗ ತಿನ್ನಲ್ಲ."

"ಇದು ನನ್ನ ಕೈಲೂ ಇಲ್ಲ, ನಿನ್ನ ಕೈಲೂ ಇಲ್ಲ. ಪದ್ಧತಿ. ಈ ಗೋಡೆ ಎದ್ದಾಗಿಂದ ನಿಮ್ಮ ಕೇರಿಯವನೊಬ್ಬ ಒಳಗೆ ಮಲಗಿದ್ದು ಎಲ್ಲಾದ್ರೂ ಕೇಳಿದೀಯಾ? ಒಬ್ಬ! ಒಬ್ಬನ್ನ ತೋರಿಸು ಸಾಕು. ನಿಮ್ಮಪ್ಪನಿಗೆ ನಾನೇ ನಿಂತು ಪ್ರಾರ್ಥನೆ ಮಾಡಿ ಜಾಗ ಕೊಡ್ತೀನಿ. ದೇವರಾಣೆ."

ಮೊಂಡ ಬಟ್ಟೆಯನ್ನು ತಲೆಗೆ ಸುತ್ತಿಕೊಂಡು ಹೊರಟ. ಬೆನ್ನ ಹಿಂದೆ ಪಾದ್ರಿಯ ದನಿ ಬಂತು: "ಹಾಗಾದ್ರೆ ನೀಲಿನೇ ಅಂತೀಯಾ?"

*

ಆವತ್ತು ಸಿಕ್ಕ ಮೂಳೆ ಪಾದದ್ದು. ಮೇಲಿನಿಂದ ಅನುಮತಿ ಬರುವವರೆಗೆ ಆಳುಗಳು ಬಿಸಿಲಲ್ಲಿ ಕಾದರು, ಪಾದ ನೆರಳಲ್ಲಿ ಕಾಯಿತು. ಅನುಮತಿ ಬಂದ ಮೇಲೆ ನೋಡಮ್ಮ ಮೊಂಡನ ಕೈಯಿಂದ ಗುದ್ದಲಿ ಇಳಿಸಿ ಚಿಕ್ಕ ಕರಣೆಯನ್ನೂ ಒಂದು ಬ್ರಷ್ಷನ್ನೂ ಕೊಟ್ಟಳು. ಆನೆಗೆ ಸೂಜಿ ಕೊಟ್ಟ ಹಾಗಾಯಿತು. ಆದರೂ ಮೊಂಡ ನಾಲಗೆ ಕಚ್ಚಿಕೊಂಡು, ಮಗುವಿನ ಮೈ ತೊಳೆಯುವವನಂತೆ, ಪಾದದಿಂದ ತಲೆಯ ಕಡೆಗೆ ಮಣ್ಣು ಬಿಡಿಸುತ್ತ ಹೋದ. ಮೊಣಕಾಲು ಬಂತು. ಪಕ್ಕೆಲುಬು ಬಂತು. ಬುರುಡೆ ಬಂತು. ಬುರುಡೆಯ ಕೆಳಗೆ ತುಕ್ಕು ಹಿಡಿದ ಕಬ್ಬಿಣ ಕಂಡಿತು.

ಮೊಂಡನ ಕೈ ನಿಂತಿತು. ಅಗಲವಾದ ಅಲಗು. ಸವೆದು ಸವೆದು ಅರ್ಧಚಂದ್ರವಾದ ಬಾಯಿ. ಹಿಂಬದಿಯಲ್ಲಿ ಮರದ ಕಾವು ತೂರಿಸುವ ದುಂಡನೆಯ ಕಿವಿ. ಕಾವು ಇಲ್ಲ.

ಅವನ ಕೇರಿಯಲ್ಲಿ ಗಂಡಸು ಸತ್ತರೆ ಅವನ ಗುದ್ದಲಿಯ ಕಾವನ್ನು ಬಿಚ್ಚಿ ಮಗನ ಕೈಗೆ ಕೊಡುತ್ತಾರೆ. ಅಲಗನ್ನು ಹೆಣದ ತಲೆಯಡಿಗೆ ಇಡುತ್ತಾರೆ. ಕಾವು ಮಗನಿಗೆ, ಅಲಗು ಅಪ್ಪನಿಗೆ. ಕಾವಿಲ್ಲದ ಗುದ್ದಲಿ ತಂದವನನ್ನು ಮೇಲಿರುವವನೂ ಅಗೆಯಲು ಹಚ್ಚಲಾರ ಎಂಬ ಲೆಕ್ಕ. ಹೆಂಗಸರಿಗಾದರೆ ಬುಟ್ಟಿಯನ್ನು ಬೋರಲು ಹಾಕುತ್ತಾರೆ. ಬುಟ್ಟಿ ಕೊಳೆತುಹೋಗುತ್ತದೆ, ಅವರ ಗುರುತು ಉಳಿಯುವುದಿಲ್ಲ.

ಗೋಡೆಯ ಒಳಗೆ! ಯಾವ ಕಾಲದಲ್ಲೋ, ಯಾರೋ, ಹೇಗೋ, ಕೇರಿಯ ಒಬ್ಬನನ್ನು ಗೋಡೆಯ ಒಳಗೆ ತಂದು ಮಲಗಿಸಿದ್ದರು.

ಮೊಂಡ ತಪ್ಪು ಮಾಡಿದ್ದು ಆಗಲೇ. ತಲೆಯ ಬಟ್ಟೆ ತೆಗೆದು, ಮಂಡಿಯೂರಿ, ಹಣೆಯನ್ನು ಮಣ್ಣಿಗೆ ಹಚ್ಚಿದ. "ಅಜ್ಜಾ," ಎಂದ. ಅವನನ್ನು ನೋಡಿ ಕುಳ್ಳ ಬಗ್ಗಿ ಇಣುಕಿದ, ಕಬ್ಬಿಣ ಕಂಡ, ಅವನೂ ಮಂಡಿಯೂರಿದ. ಮೊಂಡನ ಹೆಂಡತಿ ಬುಟ್ಟಿ ಇಳಿಸಿ ಟ್ರೆಂಚಿನ ಅಂಚಿನಲ್ಲಿ ಮಂಡಿಯೂರಿದಳು.

ಟ್ರಸ್ಟಿನ ಅಧ್ಯಕ್ಷರ ಹೆಂಡತಿ ಶೌಚಾಲಯ ಎಲ್ಲಿಯವರೆಗೆ ಬಂತೆಂದು ನೋಡಲು ಬಂದಿದ್ದು ಅದೇ ಹೊತ್ತಿಗೆ. ಎತ್ತರದ ಹಿಮ್ಮಡಿಯ ಚಪ್ಪಲಿ ಹೆಜ್ಜೆಹೆಜ್ಜೆಗೂ ಮಣ್ಣಲ್ಲಿ ಹೂತುಕೊಳ್ಳುತ್ತಿತ್ತು.

"ಏನಾಯ್ತು ಇವರಿಗೆಲ್ಲ?"

ಆಳುಗಳು ಕೆಲಸ ಬಿಟ್ಟು ಕೂತಿದ್ದಾರೆಂದು ಹೇಳಿದರೆ ತನ್ನ ತಲೆಗೇ ಬರುತ್ತದೆಂದು ಮೇಸ್ತ್ರಿಗೆ ಗೊತ್ತು. "ಅವರಿಗೆ ಏನೋ ಕಂಡಿದೆ ಅಮ್ಮಾವ್ರೇ," ಎಂದ.

ಅವರು ಬಗ್ಗಿ ನೋಡಿದರು. "ತಲೆ ಕೆಳಗೆ ಏನದು?"

"ಕಬ್ಬಿಣ ಅಮ್ಮಾವ್ರೇ."

"ಕಬ್ಬಿಣದ ದಿಂಬು!" ಅವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. "ದೇವರೇ! ಮೆತ್ತನೆ ದಿಂಬು ಬಿಟ್ಟು, ಕಬ್ಬಿಣದ ಮೇಲೆ ತಲೆ ಇಟ್ಟು ದೇಹ ದಂಡಿಸಿದ ಪುಣ್ಯಾತ್ಮ ಯಾರೋ! ನೋಡಿ, ಏನೂ ಗೊತ್ತಿಲ್ಲದ ಈ ಕೂಲಿಯವರಿಗೇ ಗೊತ್ತಾಗಿಬಿಟ್ಟಿದೆ!" ಅವರಿಗೆ ಬಹಳ ದಿನದಿಂದ ಕತ್ತುನೋವಿತ್ತು. ಕತ್ತನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕಣ್ಣು ಅಗಲವಾಯಿತು. "ಇಲ್ಲ! ನೋವೇ ಇಲ್ಲ!"

ಮೇಸ್ತ್ರಿ ತನ್ನ ಟವಲನ್ನು ಹಾಸಿದ. ಅದರ ಮೇಲೆ ಅವರೂ ಮಂಡಿಯೂರಿದರು.

ಸುದ್ದಿ ಕೇಳಿ ಪಾದ್ರಿ ಓಡಿಬಂದರು. ಬಂದು ನೋಡಿದರೆ, ಶೌಚಾಲಯದ ಪೂರ್ತಿ ಖರ್ಚು ಹೊತ್ತ ಮನೆಯ ಯಜಮಾನಿ ಟ್ರೆಂಚಿನ ಪಕ್ಕ ಕಣ್ಣುಮುಚ್ಚಿ ಕೂತಿದ್ದಾರೆ. ಪಾದ್ರಿ ಏನು ಎತ್ತ ಎಂದು ಕೇಳಲಿಲ್ಲ. ಮೊದಲು ಮಂಡಿಯೂರಿದರು. ಆಮೇಲೆ ಕೇಳಿದರು.

ಹೀಗೆ ಸಂತನೊಬ್ಬ ಹುಟ್ಟಿದ. ನಡುಮಧ್ಯಾಹ್ನ, ಶೌಚಾಲಯದ ಪೈಪು ಹೋಗುವ ದಾರಿಯಲ್ಲಿ.

*

"ಫಾದರ್, ಅದು ಗುದ್ದಲಿ," ಎಂದ ಮೊಂಡ. ಅಧ್ಯಕ್ಷರ ಹೆಂಡತಿಯ ಕಾರು ಗೇಟು ದಾಟುವುದನ್ನೇ ಕಾದಿದ್ದ. "ಅವನು ನಮ್ಮ ಕೇರಿಯೋನು. ಒಬ್ಬನ್ನ ತೋರಿಸು ಅಂದಿದ್ರಿ. ತೋರಿಸಿದೀನಿ."

"ಮೆಲ್ಲಗೆ ಮಾತಾಡು. ಸಂತರು ಮಲಗಿದ್ದಾರೆ."

"ಸಂತ ಅಲ್ಲ ಫಾದರ್, ಅಗೆಯೋನು. ಬೇಕಾದ್ರೆ ನೋಡಿ, ಇಲ್ಲೇ ಇದೆ ಕಾವು ಹಾಕೋ ಕಿವಿ..."

"ಅದು ಕಿವಿ ಅಲ್ಲ, ಪ್ರಭಾವಳಿ." ಅದು ಪಾದ್ರಿಗೆ ಆಗತಾನೆ ಹೊಳೆದದ್ದು. ಹೊಳೆದದ್ದಕ್ಕೆ ಅವರಿಗೇ ಸಂತೋಷವಾಯಿತು. "ದುಂಡಗಿದೆಯಲ್ಲ. ಪ್ರಭಾವಳಿ."

"ಅಯ್ಯೋ ಫಾದರ್, ನಮ್ಮಜ್ಜನ..."

"ಮೂರ್ಖ! ಅವರು ನಿಮ್ಮ ಕೇರಿಯವರಾಗಿದ್ರೆ ಗೋಡೆ ಒಳಗೆ ಹೇಗೆ ಬರ್ತಿದ್ರು? ಗೋಡೆ ಒಳಗಿದ್ದಾರೆ ಅಂದ್ಮೇಲೆ ನಿಮ್ಮವರಲ್ಲ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲ್ವಾ?"

ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಮೊಂಡ ಆ ಮಾತಿನ ಸುತ್ತ ಒಂದು ಸುತ್ತು ಬಂದ. ಹಗ್ಗ ಕತ್ತಿಗೇ ಬಿಗಿಯಿತು. "ನೀವು ದೇವರಾಣೆ ಹಾಕಿದ್ರಿ," ಎಂದ.

"ಸಂತರನ್ನ ಮೊದಲು ಗುರುತಿಸಿದ ಪುಣ್ಯ ನಿಂದು. ನೀನೇ ಮೊದಲು ಮಂಡಿಯೂರಿದ್ದು ಅಂತ ಭಾನುವಾರದ ಪ್ರಾರ್ಥನೇಲಿ ನಾನೇ ಹೇಳ್ತೀನಿ, ಹೆಸರು ಹೇಳದೆ. ಬಾಯಿಬಿಟ್ಟು ಅದನ್ನ ಹಾಳ್ಮಾಡ್ಕೋಬೇಡ."

ಮೊಂಡ ಅಲ್ಲಿಂದ ನೇರ ನೋಡಮ್ಮನ ಕುರ್ಚಿಯ ಮುಂದೆ ಬಂದು ನಿಂತ. "ಅಮ್ಮಾ, ನೀವು ಓದಿದೋರು. ಹೇಳಿ. ಅದು ದಿಂಬಾ?"

ನೋಡಮ್ಮ ಕ್ಯಾಮೆರಾದ ಗಾಜು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಗುದ್ದಲಿ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು. "ನೋಡಿದ ಕೂಡ್ಲೇ ಗೊತ್ತಾಯ್ತು."

"ಮತ್ತೆ ಬಾಯಿ ಬಿಡಿ!"

"ನಾನು ನೋಡಕ್ಕೆ ಮಾತ್ರ ಬಂದಿರೋದು ಕಣಪ್ಪಾ. ನನ್ನ ಕರೆಸಿದೋರು ಅವರು. ನಾನು ಅದೂ ಇದೂ ಅಂದ್ರೆ ನಾಳೆ ಈ ಕುರ್ಚಿ ಮೇಲೆ ಇನ್ಯಾರೋ ಕೂತಿರ್ತಾರೆ."

"ಕೂಲಿ ಕಣ್ಣಿಗೆ ಮಾತ್ರ, ಬಾಯಿಗಿಲ್ಲ ಅನ್ನಿ," ಎಂದ ಕುಳ್ಳ ಟ್ರೆಂಚಿನೊಳಗಿಂದ.

ನೋಡಮ್ಮ ಕೊಡೆಯನ್ನು ತುಸು ಬಗ್ಗಿಸಿ ಮುಖ ಮರೆಮಾಡಿಕೊಂಡಳು.

ಆಮೇಲೆ ಎಲ್ಲವೂ ಸರಸರ ನಡೆಯಿತು. ಪಾದದ ಮೂಳೆಗೆ ಅಷ್ಟು ಕಾಯಿಸಿದ್ದ ಅನುಮತಿ ಸಂತನಿಗೆ ಸಂಜೆಯೊಳಗೆ ಬಂತು. ಗಾಜಿನ ಪೆಟ್ಟಿಗೆ ಬಂತು, ಅದರೊಳಗೆ ಮಖಮಲ್ಲಿನ ಹಾಸು ಬಂತು. ಗುದ್ದಲಿಯ ತುಕ್ಕು ತೆಗೆದು ಎಣ್ಣೆ ಹಚ್ಚಿ ಹೊಳಪು ಮಾಡಿಸಿದರು. ಅಜ್ಜ ಬದುಕಿದ್ದಾಗ ಆ ಗುದ್ದಲಿಗೆ ಅಂಥ ಹೊಳಪು ಯಾರೂ ಕೇಳಿರಲಿಲ್ಲ. ಭಾನುವಾರ ಬಲಿಪೀಠದ ಕೆಳಗೆ ಪ್ರತಿಷ್ಠಾಪನೆ ಎಂದಾಯಿತು. ಜನ ಟ್ರೆಂಚಿನ ಮುಂದೆ ಸಾಲುಗಟ್ಟಿ ಸಂತನ ಮಣ್ಣು ಕೊಡಿ, ಸಂತನ ಮಣ್ಣು ಕೊಡಿ ಎಂದು ಕರವಸ್ತ್ರ ಚಾಚಿದರು. ಬುಟ್ಟಿಯಿಂದ ಹಿಡಿಹಿಡಿ ಹಂಚುವ ಕೆಲಸ ಮೊಂಡನ ಹೆಂಡತಿಗೆ ಬಿತ್ತು.

"ಇದೇ ಮಣ್ಣು ನಿನ್ನೆವರೆಗೂ ಹೊತ್ತು ಚರಂಡಿಗೆ ಚೆಲ್ಲಿದೀನಿ," ಎಂದಳು ಅವಳು ಗಂಡನಿಗೆ. "ಮೊದ್ಲೇ ಗೊತ್ತಿದ್ರೆ ಚರಂಡಿಗೂ ಒಂದು ಮೇಣದಬತ್ತಿ ಹಚ್ತಿದ್ದೆ."

ಹಂಚಿ ಮುಗಿದ ಮೇಲೆ ಅವಳಿಗೆ ಹೊಟ್ಟೆ ನುಲಿಯಿತು. ನೀಲಿ ಟೈಲ್ಸು ಹಚ್ಚಿದ ಹೊಸ ಶೌಚಾಲಯದ ಬಾಗಿಲು ತಳ್ಳಿದಳು. ಮೇಸ್ತ್ರಿ ಅಡ್ಡ ಬಂದ. "ಎಲ್ಲಿಗೇ? ಇದು ಉದ್ಘಾಟನೆ ಆಗಿಲ್ಲ. ಆದ್ಮೇಲೂ ನಿಮಗಲ್ಲ. ಹೋಗು, ಗೋಡೆ ಹಿಂದೆ ಹೋಗು." ಮತ್ತೆ ಎಲ್ಲರಿಗೂ ಕೇಳುವಂತೆ ಹೇಳಿದ: "ಭಾನುವಾರ ನಿಮ್ಮೋರು ಒಬ್ರೂ ಮುಂದುಗಡೆ ಕಾಣಿಸ್ಕೋಬಾರ್ದು. ದೊಡ್ಡೋರೆಲ್ಲ ಬರ್ತಾರೆ."

*

ಮೊಂಡನ ಮನೆಯೆಂದರೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಅಪ್ಪ, ನಡುವೆ ತಂತಿಯ ಮೇಲೆ ಒಣಗುವ ಬಟ್ಟೆ. ಅಪ್ಪನ ಗುದ್ದಲಿ ಅವನ ಕೈಗೆ ಎಟುಕುವ ಹಾಗೆ ಗೋಡೆಗೆ ಒರಗಿತ್ತು. ಎತ್ತುವ ಶಕ್ತಿ ಇಲ್ಲದಿದ್ದರೂ ಆಗಾಗ ಕಾವನ್ನು ಮುಟ್ಟಿ ನೋಡುತ್ತಿದ್ದ.

ಕುಳ್ಳನೂ ಬಂದಿದ್ದ. ಇಬ್ಬರೂ ಸೇರಿ ಎಲ್ಲ ಹೇಳಿದರು. ಅಪ್ಪ ಕಣ್ಣುಮುಚ್ಚಿ ಕೇಳುತ್ತಿದ್ದವನು ಪ್ರಭಾವಳಿಯ ಮಾತು ಬಂದಾಗ ಕಣ್ಣು ತೆರೆದ.

"ಏನಂದ? ಕಾವಿನ ಕಿವಿ ಪ್ರಭಾವಳಿನಾ?" ನಗು ಅವನ ಹೊಟ್ಟೆಯಿಂದ ಎದ್ದು ಕೆಮ್ಮಿಗೆ ಸಿಕ್ಕಿಕೊಂಡಿತು. "ಲೇ, ಆ ಪ್ರಭಾವಳಿ ಒಳಗೆ ಎಷ್ಟು ಬೆಣೆ ಬಡಿದಿದೀನೋ ನಾನು!"

"ನಗಬೇಡ ಮಾವ, ಉಸಿರು ಹೋಗುತ್ತೆ," ಎಂದು ಸೊಸೆ ಬೆನ್ನು ಸವರಿ ನೀರು ಕುಡಿಸಿದಳು.

"ಹೋಗ್ಲಿ ಬಿಡು ತಾಯಿ. ಇಷ್ಟು ಒಳ್ಳೆ ಮಾತು ಕೇಳಿ ಹೋದ್ರೆ ಏನು ನಷ್ಟ?" ಅಪ್ಪ ಉಸಿರು ಹೆಕ್ಕಿಕೊಂಡ. "ಈ ಅಧ್ಯಕ್ಷನ ಅಪ್ಪನಿಗೆ ಗುಂಡಿ ತೋಡಿದ್ದು ನಾನೇ. ಹೆಣ ದಪ್ಪ, ಪೆಟ್ಟಿಗೆ ಇನ್ನೂ ದಪ್ಪ. ಹಿಡೀಲಿಲ್ಲ ಅಂತ ಎಲ್ಲರ ಎದುರಿಗೆ ನನ್ನ ಕಪಾಳಕ್ಕೆ ಬಿಟ್ರು. ಹಾಡು ಹಾಡ್ತಾ ಇದ್ದೋರು ಹಾಡು ನಿಲ್ಸಲಿಲ್ಲ. ನಾನು ಹೊಡೆಸ್ಕೊಂಡು, ಕೆಳಗಿಳಿದು, ಅಗಲ ಮಾಡಿದೆ. ಅವತ್ತೇ ಅಂದ್ಕೊಂಡೆ, ನಾನು ಸತ್ರೆ ಈ ಸೂಳೆಮಗನ ಪಕ್ಕದಲ್ಲೇ ಮಲ್ಗಿ, ಪ್ರಳಯ ಆಗೋವರೆಗೂ ಮೊಣಕೈಲಿ ತಿವೀಬೇಕು ಅಂತ."

"ಜಾಗ ಸಿಗಲ್ಲ ಅಪ್ಪ," ಎಂದ ಮೊಂಡ. ನೆಲ ನೋಡಿಕೊಂಡೇ ಹೇಳಿದ. "ಸಾಕ್ಷಿ ಸಿಕ್ಕಿತ್ತು. ನಾನೇ ಕಾಲಿಗೆ ಬಿದ್ದು ಅದನ್ನ ಸಂತ ಮಾಡ್ಬಿಟ್ಟೆ."

ಅಪ್ಪ ಕೈ ಚಾಚಿ ಗುದ್ದಲಿಯ ಕಾವನ್ನು ಮುಟ್ಟಿದ. "ನಿಂಗೆ ಮೊಂಡ ಅಂತ ಹೆಸರಿಟ್ಟೋರು ಸರಿಯಾಗೇ ಇಟ್ರು. ಲೇ, ಆ ಅಜ್ಜ ಪಾದ್ರೀನ ಕೇಳ್ಕೊಂಡು ಒಳಗೆ ಹೋಗಿದ್ನಾ? ಕೇಳಿದ್ರೆ ಅವನಿಗೂ ಟೈಲ್ಸ್ ತೋರಿಸ್ತಿದ್ರು. ಅವನ ಮಕ್ಕಳು ಹೊತ್ಕೊಂಡು ಹೋಗಿ ಇಟ್ರು. ಇಟ್ಟ ಮೇಲೆ ಅವನು ಅಲ್ಲೇ ಇದ್ದ." ಗೋಡೆಯ ಕಡೆ ಹೊರಳಿದ. "ದೀಪ ಆರ್ಸಿ. ನಂಗೆ ನಿದ್ದೆ."

ಭಾನುವಾರ ಬೆಳಕು ಹರಿಯುವಾಗ ಕೆಮ್ಮು ನಿಂತಿತು. ನಿಂತದ್ದಕ್ಕೇ ಮನೆಯವರಿಗೆ ಎಚ್ಚರವಾಯಿತು.

ಮೊಂಡ ಅಳಲಿಲ್ಲ. ಹೊರಗೆ ಕೂತು ಅಪ್ಪನ ಗುದ್ದಲಿಯ ಬೆಣೆ ತಟ್ಟಿ ಬಿಡಿಸಿದ, ಕಾವು ಎಳೆದ. ಅಪ್ಪನ ಅಂಗೈ ತಿಕ್ಕಿ ತಿಕ್ಕಿ ಕಾವು ಗಾಜಿನಂತೆ ನುಣುಪಾಗಿತ್ತು. ಕೇರಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಹೆಗಲ ಮೇಲೂ ಗುದ್ದಲಿ ಇತ್ತು.

*

ಚರ್ಚಿನ ಮುಂಭಾಗದಲ್ಲಿ ಹೂವು, ಕಾರು, ಕ್ಯಾಮೆರಾ. ಒಳಗೆ ಹಾಡು ಏರುತ್ತಿತ್ತು. ಹಿಂಭಾಗದಲ್ಲಿ, ಮಣ್ಣು ಸಾಗಿಸಲು ಸಲೀಸಾಗಲೆಂದು ಮೇಸ್ತ್ರಿಯೇ ಒಡೆಸಿದ್ದ ಗೋಡೆಯ ಕಂಡಿ ಬಾಯಿ ತೆರೆದುಕೊಂಡಿತ್ತು. ಕೇರಿಯವರು ಅಪ್ಪನನ್ನು ಮನೆಯ ಬಾಗಿಲ ಹಲಗೆಯ ಮೇಲೆ ಹೊತ್ತು, ಕಾರುಗಳ ನಡುವೆ ನುಸುಳಿ, ಆ ಕಂಡಿಯಿಂದ ಒಳಗೆ ಬಂದರು. ಮುಂದುಗಡೆ ಒಬ್ಬರೂ ಕಾಣಿಸಿಕೊಳ್ಳಲಿಲ್ಲ. ಮೇಸ್ತ್ರಿಯ ಮಾತು ನಡೆಸಿಕೊಟ್ಟರು.

ಸಂತನನ್ನು ಎತ್ತಿಕೊಂಡು ಹೋದ ಜಾಗ ಹಾಗೇ ಇತ್ತು. ಗುಡಿಸಿ ಚೊಕ್ಕಟ ಮಾಡಿದ ನೆಲ, ಮೇಲೆ ಹಸಿರು ನೆರಳು, ಸುತ್ತ ಕೆಂಪು ಬಿಳಿ ಟೇಪು. ಇಷ್ಟು ಅನುಕೂಲದ ಗುಂಡಿ ಅಧ್ಯಕ್ಷನ ಅಪ್ಪನಿಗೂ ಸಿಕ್ಕಿರಲಿಲ್ಲ. ಮೊಂಡ ಕೆಳಗಿಳಿದು ಇನ್ನಷ್ಟು ಆಳ ಮಾಡಿದ. ಅಪ್ಪನನ್ನು ಇಳಿಸಿದರು. ಅವನ ತಲೆಯಡಿಗೆ ಅಲಗು ಇಟ್ಟು, ಅದರ ಕಿವಿ ಹೊರಗೆ ಕಾಣುವ ಹಾಗೆ ತಿರುಗಿಸಿದರು. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಆಮೇಲೆ ಗುದ್ದಲಿಗಳು ಹಾಡಿನ ತಾಳಕ್ಕೇ ಎದ್ದು ಬಿದ್ದು ಮಣ್ಣು ಎಳೆದವು. ಮೊಂಡನ ಹೆಂಡತಿ ಕೊನೆಯ ಬುಟ್ಟಿಯನ್ನು ಪಾದದ ಕಡೆ ಸುರಿಯುವಾಗ ಒಂದು ಹೆಬ್ಬೆರಳನ್ನು ಮಾತ್ರ ಹೊರಗೆ ಬಿಟ್ಟಳು. ಬೇಕೆಂದೇ.

ಮೊಂಡ ಅಪ್ಪನ ತಲೆಯ ಪಕ್ಕ ನಿಂತು ಕೈ ಎತ್ತಿದ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಕೂಗಿದ:

"ನಿಲ್ಲೀ! ಮನುಷ್ಯನ ಮೂಳೆ!"

ಒಳಗಿನ ಹಾಡು ಒಂದು ಸಾಲಿನ ಮಧ್ಯೆ ಮುಗ್ಗರಿಸಿತು. ಮೊದಲು ಬಂದವನು ಮೇಸ್ತ್ರಿ. "ಯಾವನೋ ಅವನು ಸೂಳೆಮಗ, ಇವತ್ತು ಕೆಲಸ ಇಲ್ಲ ಅಂತ..." ಹೆಬ್ಬೆರಳು ಕಂಡಿತು. ಅವನ ಹಿಂದೆ ರೇಷ್ಮೆಯ ನಿಲುವಂಗಿ ಎತ್ತಿಕೊಂಡು ಪಾದ್ರಿ, ಪಾದ್ರಿಯ ಹಿಂದೆ ಅಧ್ಯಕ್ಷರ ಹೆಂಡತಿ, ಅವರ ಹಿಂದೆ ಮೇಣದಬತ್ತಿ ಹಿಡಿದ ಜನ.

"ಏನಿದು?" ಎಂದರು ಪಾದ್ರಿ.

"ಸಿಕ್ತು ಫಾದರ್. ಟ್ರೆಂಚಲ್ಲಿ."

ಪಾದ್ರಿ ಹೆಬ್ಬೆರಳು ನೋಡಿದರು, ಮೊಂಡನ ಕೈಯಲ್ಲಿದ್ದ ಬರಿ ಕಾವು ನೋಡಿದರು. "ಇದು... ಇದು ನಿಮ್ಮಪ್ಪ!"

"ಗೋಡೆ ಒಳಗಿದ್ದಾನಲ್ಲ ಫಾದರ್," ಎಂದ ಮೊಂಡ. "ನಮ್ಮೋನು ಹೇಗಾಗ್ತಾನೆ?"

"ತಲೆ ಕೆಳಗೆ ದಿಂಬೂ ಇದೆ," ಎಂದ ಕುಳ್ಳ. "ಪ್ರಭಾವಳಿ ಸಮೇತ."

ಅಧ್ಯಕ್ಷರ ಹೆಂಡತಿಯ ಕೈ ತಾನಾಗಿ ಕತ್ತಿಗೆ ಹೋಯಿತು. ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ನೋವು ವಾಪಸು ಬಂದಿತ್ತು.

"ತೆಗಿ! ಎತ್ತಿ ಆಚೆ ಹಾಕು ಅದನ್ನ!" ಪಾದ್ರಿ ಮೇಸ್ತ್ರಿಯ ತೋಳು ಹಿಡಿದು ಮುಂದಕ್ಕೆ ತಳ್ಳಿದರು. ಟೇಪಿನ ಒಳಗೆ ಕೇರಿಯವರು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಮೊಂಡನ ಹೆಂಡತಿ ಸ್ಪ್ರೇ ಬಾಟಲಿ ತೆಗೆದುಕೊಂಡು ಹೆಬ್ಬೆರಳಿಗೆ ನೀರು ಚಿಮುಕಿಸುತ್ತಿದ್ದಳು.

"ಮುಟ್ಟಬಾರ್ದು ಮೇಸ್ತ್ರಿ. ಮೇಲಿಂದ ಅನುಮತಿ ಬರ್ಬೇಕು," ಎಂದಳು ತಲೆ ಎತ್ತದೆ. "ಬಿರುಕು ಬಿಡಬಾರ್ದಲ್ಲ, ಅದಕ್ಕೆ."

ಪಾದ್ರಿ ಸುತ್ತ ತಿರುಗಿದರು. ಪ್ರತಿಷ್ಠಾಪನೆಯ ಫೋಟೋ ತೆಗೆಯಲು ಬಂದಿದ್ದ ನೋಡಮ್ಮ ಜನರ ಹಿಂದೆ ನಿಂತಿದ್ದಳು. "ನೀನು ಹೇಳಮ್ಮಾ ಇವರಿಗೆ! ಇದು ಹಳೇದಲ್ಲ ಅಂತ ಹೇಳು! ನೀನು ಓದಿದವಳು!"

ನೋಡಮ್ಮ ಮುಂದೆ ಬಂದಳು. ಹೆಬ್ಬೆರಳನ್ನು ನೋಡಿದಳು, ಮೊಂಡನನ್ನು ನೋಡಿದಳು, ಚರ್ಚಿನ ಬಾಗಿಲಲ್ಲಿ ಕಾಣುತ್ತಿದ್ದ ಗಾಜಿನ ಪೆಟ್ಟಿಗೆಯನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ತನ್ನ ಮಡಚುವ ಕುರ್ಚಿಯನ್ನು ತಂದು ಟ್ರೆಂಚಿನ ಪಕ್ಕ ಬಿಡಿಸಿದಳು. ಕೂತಳು. ಕೊಡೆ ಬಿಚ್ಚಿದಳು.

"ನಾನು ನೋಡಕ್ಕೆ ಮಾತ್ರ ಬಂದಿರೋದು ಫಾದರ್," ಎಂದಳು.

"ಪೊಲೀಸರನ್ನ ಕರೀರಿ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಯಾರೋ ಫೋನು ತೆಗೆದರು. ಪಾದ್ರಿ ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿದರು. ಮೇಸ್ತ್ರಿ ಬಿದ್ದಿದ್ದ ಒಂದು ಗುದ್ದಲಿ ಎತ್ತಿಕೊಂಡ, ಟೇಪನ್ನು ಕಾಲಿಂದ ಹರಿದ, ಇಬ್ಬರನ್ನು ಭುಜದಿಂದ ತಳ್ಳಿ ಟ್ರೆಂಚಿಗೆ ಇಳಿದ. ಹಸಿ ಮಣ್ಣಿನ ಮೇಲೆ ಕಾಲೂರಿ ಗುದ್ದಲಿ ಎತ್ತಿದ.

ಮೊಂಡ ಅಲುಗಲಿಲ್ಲ. ಅಪ್ಪನ ಕಾವನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ.

"ಮೆಲ್ಲಗೆ ಮೇಸ್ತ್ರಿ," ಎಂದ. "ಇದು ನಮ್ಮಪ್ಪನ ಮೂಳೆ."

ಗುದ್ದಲಿ ಗಾಳಿಯಲ್ಲೇ ಇತ್ತು.